ಕಾರಣದ ಕಾಲಂ

ರಾತ್ರಿ ಪಾಳಿ. ಹುಲಗಪ್ಪನ ಮೊಬೈಲು
ಉಪ್ಪಿನಕಾಯಿ ಭರಣಿಗೆ ಒರಗಿ ನಿಂತಿತ್ತು.
ಅದರೊಳಗೆ ಮುಂಬೈ ಉರಿಯುತ್ತಿತ್ತು
ಅಂಗೈಯಗಲ.

ಹಿಂದಿ ನಮಗೆ ಅರ್ಧಂಬರ್ಧ.
ಲತೀಫ್ ಎರಡು ವರ್ಷ ದುಬೈಯಲ್ಲಿ ಇದ್ದವನು,
ಅವನದೇ ಅನುವಾದ:
'ಯಾರೋ ಹಚ್ತಿದಾನಂತೆ, ಬೇಕಂತಲೇ.'
ಏಳನೇ ಮಹಡಿಯ ಗಾಜು ಸಿಡಿಯಿತು,
ಹೀರೋ ಒಳನುಗ್ಗಿದ, ಮಾಸ್ಕಿಲ್ಲದೆ.
ಉತ್ತಯ್ಯ ನಕ್ಕ:
'ಮುಖ ಕಾಣಬೇಕಲ್ಲ ಮಾರಾಯ,
ಅವನಿಗೆ ಸಂಬಳ ಅದಕ್ಕೇ.'

ನಮ್ಮ ವಿರಾಜಪೇಟೆಯ ಏಣಿ
ಇವತ್ತಿನ ತನಕ ಅತಿ ಎತ್ತರ ಏರಿದ್ದು
ಸಿಲ್ವರ್ ಓಕಿನ ನೆತ್ತಿಯಲ್ಲಿ ತಲೆಸುತ್ತಿ
ಮರ ತಬ್ಬಿ ಕೂತ
ಮೆಣಸು ಕೊಯ್ಯುವವನ ತನಕ.
ಉಳಿದಂತೆ ಬಾವಿಗೆ ಬಿದ್ದ ಹಸು,
ಕಿಟಕಿ ಸರಳಿನಲ್ಲಿ ತಲೆ ಸಿಕ್ಕಿಸಿಕೊಂಡ ಹುಡುಗ,
ಶಿವರಾತ್ರಿ ಹೊತ್ತಿಗೆ ಲಂಟಾನ, ಒಣಬಿದಿರು.
ಆದರೂ ಅಲ್ಲಿ ಸೈರನ್ ಕೂಗಿದಾಗಲೆಲ್ಲ
ಮೇಜಿನಡಿ ನಾಲ್ವರ ಪಾದವೂ
ಬೂಟು ಹುಡುಕುತ್ತಿತ್ತು.

ಒಂದು ಗಂಟೆ ಐವತ್ತೆರಡನೇ ನಿಮಿಷ.
ಕಡ್ಡಿ ಗೀರಿದವನ ಬೆನ್ನು ಕಂಡಿತು.
ಬೆನ್ನು ಇನ್ನೇನು ಮುಖವಾಗಬೇಕು,
ಗೋಡೆಯ ಫೋನು.

ಅಮ್ಮತ್ತಿ ಕಡೆ. ತೋಟದ ಲೈನ್ ಮನೆ.

ಹೂಮಳೆ ಬಿದ್ದು ಒಂಬತ್ತು ದಿನ,
ಹೆಡ್‌ಲೈಟಿನಲ್ಲಿ ಕಾಫಿಗಿಡಗಳೆಲ್ಲ ಬೆಳ್ಳಗೆ.
ಹೊಗೆಗೂ ಹೂವಿನ ವಾಸನೆ ಹತ್ತಿತ್ತು.
ಬಿದಿರು ಮೆಳೆಯ ತಿರುವಿನಲ್ಲಿ ಆನೆ.
ಸೈರನ್ ಆರಿಸಿದೆವು,
ಲೈಟು ತಗ್ಗಿಸಿದೆವು,
ಬೆಂಕಿಗೆ ಹೊರಟವರು ಕೂತೆವು ಉಸಿರು ಬಿಗಿಹಿಡಿದು
ಅದು ರಸ್ತೆ ದಾಟುವ ತನಕ, ಮರಿಯೂ ದಾಟುವ ತನಕ.
ಸಿನಿಮಾದಲ್ಲಿ ಇದಕ್ಕೆ ಜಾಗವಿಲ್ಲ.
ಆಮೇಲೆ ಗೇಟು. ಗೇಟಿಗೆ ಬೀಗ.
ಬೀಗದ ಕೈ ಎಲ್ಲಿಟ್ಟೆನೆಂದು ವಾಚ್‌ಮನ್
ಎಲ್ಲ ಜೇಬನ್ನೂ ಎರಡೆರಡು ಸಲ ಮುಟ್ಟಿಕೊಂಡ.

ಎಂಟು ಕೋಣೆಯಲ್ಲಿ ಆರು ಹೋಗಿತ್ತು.
ಜೀವ ಯಾವುದೂ ಹೋಗಲಿಲ್ಲ.
ಪಾಲಿ ಎಂಬ ಮುದುಕಿ, ಪಣಿಯರವಳು,
ಹುಂಜವೊಂದನ್ನು ಎದೆಗವಚಿ ನಿಂತಿದ್ದಳು.
ನಮ್ಮ ನೀರು ಮುಗಿಯಿತು,
ಕೆರೆಗೆ ಪೈಪು ಇಳಿಸಿದೆವು,
ಹೂವಿಗೆ ಕೊಟ್ಟು ಮಿಕ್ಕ ನೀರು
ಕೆಸರು ಕೆಸರಾಗಿ ತಗಡಿನ ಮೇಲೆ ಬಿತ್ತು.

ಅಂಗಳದಲ್ಲಿ ಅಳತೆಯ ಗೂಟಗಳು, ಹೋಂಸ್ಟೇಗೆ.
ತುದಿಗೆ ಕೆಂಪು ಬಣ್ಣ.
ಒಂದೂ ಸುಟ್ಟಿರಲಿಲ್ಲ.

ಹುಲಗಪ್ಪ ಹಿಡಿ ಮಣ್ಣೆತ್ತಿ ಮೂಸಿದ,
ನನ್ನ ಮೂಗಿಗೆ ಹಿಡಿದ.
ಸೀಮೆಎಣ್ಣೆ ಎಂದು ಅವನೂ ಅನ್ನಲಿಲ್ಲ.

ಬೆಳಗ್ಗೆ ವರದಿ. ಬರೆಯುವವನು ನಾನು,
ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ.
ಹೊರಟ ಸಮಯ, ತಲುಪಿದ ಸಮಯ, ಅಂದಾಜು ನಷ್ಟ
(ಪಾಲಿ ಹೇಳಿದ್ದು: ಎರಡು ಚಾಪೆ, ಒಂದು ರೇಷನ್ ಕಾರ್ಡು,
ಸತ್ತ ಮಗನ ಫೋಟೊ).
ಬೆಂಕಿಗೆ ಕಾರಣ.
ಸಾಹೇಬರು ಫೋನಿನಲ್ಲೇ ಹೇಳಿದ್ದರು:
'ಶಾರ್ಟ್ ಸರ್ಕ್ಯೂಟ್ ಅಂತ ಹಾಕಿ.
ಆರಿಸೋದಷ್ಟೇ ನಮ್ಮ ಕೆಲಸ.'

ಆ ಲೈನಿಗೆ ಕರೆಂಟು ಕತ್ತರಿಸಿ ತಿಂಗಳಾಗಿತ್ತು.
ಟಾರ್ಚು ಬಿಟ್ಟು ನೋಡಿದ್ದೆ,
ಸುಡದೆ ಉಳಿದ ಗೋಡೆಯಲ್ಲಿ ಮೀಟರ್ ಪೆಟ್ಟಿಗೆ,
ಪೆಟ್ಟಿಗೆಯಲ್ಲಿ ಕಣಜದ ಗೂಡು,
ಗೂಡಿನ ಮಣ್ಣು ಇನ್ನೂ ಹಸಿ.

'ಉಳಿದದ್ದು ನೋಡೋಣ್ವಾ?' ಅಂದ ಲತೀಫ್.
ಭರಣಿಗೆ ಒರಗಿ ಅದೇ ಬೆನ್ನು
ರಾತ್ರಿಯಿಡೀ ಹಾಗೇ ನಿಂತಿತ್ತು.
'ಸಿಕ್ಕಿಬೀಳ್ತಾನೆ ಬಿಡು,' ಅಂದ ಉತ್ತಯ್ಯ
ಬೂಟಿನ ಕೆಸರು ಕೆರೆಯುತ್ತ, 'ಸಿನಿಮಾ ತಾನೆ.'

ನಾನು ಕಣಜದಿಂದ ಶುರುಮಾಡಿದೆ.
ಆಮೇಲೆ ಗೂಟ. ಆಮೇಲೆ ಮಣ್ಣು.
ಕಾಲಂ ಸಾಲದೆ ಅಕ್ಷರ ಸಣ್ಣದಾಗಿ
ಅಂಚಿಗೆ ತಿರುಗಿ, ಹಾಳೆಯ ಬದಿಯಲ್ಲಿ
ಇರುವೆಸಾಲಿನ ಹಾಗೆ ಮೇಲೇರಿತು.

ಸಾಹೇಬರು ಬರುವುದು ಹತ್ತಕ್ಕೆ.
ಈಗ ಒಂಬತ್ತೂ ನಲವತ್ತು.